ಮಾಮಾನ ಕೆಮ್ಮಿನ ಗಣತಿ

ಬಸ್ಸು ಹತ್ತಿದವರೆಲ್ಲ ಕಿಟಕಿ ಪಕ್ಕದ ಸೀಟು ಹುಡುಕಿದರೆ, ನಮ್ಮ ಸೋದರಮಾವ ಕೆಮ್ಮುವವರ ಪಕ್ಕದ ಸೀಟು ಹುಡುಕುತ್ತಾರೆ!

ಕಾರಣವಿದೆ. ಮಾಮಾನ ಕೆಮ್ಮಿಗೆ ಮೊದಲು ಕ್ಷಯವೆಂದು ಗುಳಿಗೆ ಕೊಟ್ಟರು. ಕೆಮ್ಮು ಜಗ್ಗಲಿಲ್ಲ. ಮತ್ತೆ ಕಫ ಪರೀಕ್ಷಿಸಿದ ಡಾಕ್ಟರು, "ಇದು ಟಿಬಿ ಅಲ್ರಿ, ಅದರ ದಾಯಾದಿ. ಮಣ್ಣು ನೀರಿನಾಗ ಇರೋ ರೋಗಾಣು. ಟಿಬಿಗತೆ ಒಬ್ಬರಿಂದ ಒಬ್ಬರಿಗೆ ಹಬ್ಬಂಗಿಲ್ಲ" ಎಂದರು. ಬೇರೆಯವರಾಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದರು. ಮಾಮಾ ಕೇಳಿದರು: "ದೇಶದಾಗ ನನ್ನಂಥವರು ಎಷ್ಟು ಮಂದಿ ಅದಾರ್ರಿ?"

"ಟಿಬಿ ಆದ್ರ ಸರ್ಕಾರಕ್ಕ ತಿಳಸಬೇಕು. ಇದನ್ನ ಹಂಗ ಯಾರೂ ಎಣಸಂಗಿಲ್ರಿ."

ರೋಗಕ್ಕಿಂತ ಈ ಮಾತು ಹೆಚ್ಚು ನಾಟಿತು. ಎಮ್ಮೆ, ಕುರಿಗಳನ್ನೂ ಎಣಿಸುವ ದೇಶದಲ್ಲಿ ತಾನು ಲೆಕ್ಕಕ್ಕಿಲ್ಲವೇ? "ಇನ್ನೊಬ್ಬರನ್ನ ಹುಡುಕೇ ಹುಡುಕ್ತೇನಿ. ನಾ ಒಬ್ಬಾಂವನ ಎಷ್ಟಂತ ಕೆಮ್ಮಲಿ?"

ಸಂಖ್ಯಾಶಾಸ್ತ್ರ ಓದಿದ ನಾನು ಸುಮ್ಮನಿರಬೇಕಲ್ಲ! "ಮಾಮಾ, ಬಸ್ಸಿನಾಗ ಕುಂತವರಷ್ಟ ದೇಶ ಅಲ್ಲ. ಸ್ಯಾಂಪಲ್ಲ ತಪ್ಪು."

"ನಿನ್ನ ಯುನಿವರ್ಸಿಟಿ ಒಂದರ ಕೆಮ್ಮು ಹಿಡದೈತೇನಲೇ? ಸುಮ್ಕ ಟಿಕೀಟ ತಗಿ."

ಬೈಲಹೊಂಗಲದಲ್ಲಿ ಗೊರಗೊರ ಕೆಮ್ಮುತ್ತಿದ್ದ ಹಿರಿಯರೊಬ್ಬರನ್ನು ಮಾಮಾ ವಿಚಾರಿಸಿದರು. "ಯಾವ ಕೆಮ್ಮು? ಮಗಳ ಲಗ್ನ ಗೊತ್ತಾಗೇತಿ, ಬಾಯಿ ಮುಚ್ಚೋ ಮಾರಾಯಾ!" ಎಂದು ಅವರು ಕೆಮ್ಮುತ್ತಲೇ ಗದರಿದರು. ಸವದತ್ತಿ ಬಸ್ಸಿನಲ್ಲಂತೂ (ರಾಮದುರ್ಗದ್ದೋ ಏನೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ) ಆರೋಗ್ಯ ಇಲಾಖೆಯವರು ಬಂದಿದ್ದಾರೆಂಬ ಗುಲ್ಲೆದ್ದು, ಇಡೀ ಬಸ್ಸು ಕೆಮ್ಮು ನುಂಗಿಕೊಂಡು ಕೂತಿತು. ಕಡೆಗೆ ತಡೆಯಲಾರದೆ ಕೆಮ್ಮಿದವರು ಮಾಮಾ ಒಬ್ಬರೇ. ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು!

ಒಮ್ಮೆ ತೊರಗಲ್ಲಿನಲ್ಲಿ ಕೋಟೆ ನೋಡಲು ಹೊರಟಿದ್ದೆವು. ಒಂದು ಮನೆಯ ಕಟ್ಟೆಯ ಮೇಲಿಂದ ಕೆಮ್ಮು ಕೇಳಿಸಿತು. ಮಾಮಾ ಗಕ್ಕನೆ ನಿಂತರು. ಕಟ್ಟೆಯ ತುದಿಯಲ್ಲಿ ಚಾಪೆ ಹಾಸಿಕೊಂಡು ಮುದುಕಿಯೊಬ್ಬಳು ಕೂತಿದ್ದಳು. ಮಾಮಾ ಕೆಮ್ಮಿನ ಸುದ್ದಿ ತೆಗೆದರು.

"ಟಿಬಿ ಗುಳಿಗಿ ನುಂಗಿ ನುಂಗಿ ಸಾಕಾತೋ ಯಪ್ಪಾ. ಆಮ್ಯಾಲ, ಟಿಬಿ ಅಲ್ಲ, ಮಣ್ಣಾಗಿನ ಬ್ಯಾರೆ ಹುಳ ಅಂದ್ರು. ಮನ್ಯಾಗ ಯಾರೂ ನಂಬವಲ್ರು."

ಸಿಕ್ಕಳು! ಮಾಮಾ ಕುಣಿದಾಡುತ್ತಾರೆಂದುಕೊಂಡೆ. ಅಷ್ಟರಲ್ಲಿ ಸೊಸೆ ಚಹಾ ತಂದಳು. ನಮಗೆ ಕೈಗೆ ಕೊಟ್ಟಳು. ಅತ್ತೆಯ ಕಪ್ಪಿಗೆ ಮಾತ್ರ, ತಾಗದ ಹಾಗೆ ಎತ್ತರದಿಂದ ಸುರಿದಳು.

ಮಾಮಾ ತಮ್ಮ ಚಹಾ ಕೆಳಗಿಟ್ಟರು. ಕಪ್ಪಿನ ಕೆಳಗಿನ ಖಾಲಿ ಬಸಿಯನ್ನು ಮುದುಕಿಯ ಮುಂದೆ ಹಿಡಿದರು. "ಯವ್ವಾ, ನಿನ್ನ ಕಪ್ಪಿನಾಗಿಂದು ಅರ್ಧ ಇದಕ್ಕ ಹಾಕು."

"ಬ್ಯಾಡೋ, ನಾ ಬಾಯಿ ಹಚ್ಚೇನಿ."

"ಹಾಕಬೇ. ನಾವಿಬ್ಬರೂ ಒಂದ ಮನಿತನದವರು."

ಆಕೆ ಸುರಿದಳು. ಮಾಮಾ ಊರಿಗೆಲ್ಲ ಕೇಳುವಂತೆ ಸೊರ್ರನೆ ಕುಡಿದು, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರು. "ಡಾಕ್ಟರು ನನಗೂ ಇದನ್ನ ಹೇಳ್ಯಾರ ತಂಗಿ. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ."

ಮುದುಕಿ ಮೆಲ್ಲಗೆ ಕೇಳಿದಳು. ಮಾಮಾನನ್ನಲ್ಲ, ಸೊಸೆಯನ್ನು: "ಹಂಗಾರ, ಕೂಸಿನ್ನ ಒಂದೀಟ ಎತ್ತಗೊಳ್ಳಲೇನ?"

ಸೊಸೆ ಒಳಗೆ ಹೋಗಿ ತೊಟ್ಟಿಲ ಮುಂದೆ ಬಗ್ಗಿದಳು.