ನಮ್ಮೋರ ರಕ್ತ

ಸಕಲೇಶಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಜನರಿಗೆ ಸೂಜಿ ಚುಚ್ಚುತ್ತಿದ್ದೇನೆ. ಚುಚ್ಚಿದ ಮೇಲೆ ಎಲ್ಲರಿಗೂ ಬರುವುದು ಕೆಂಪು ರಕ್ತವೇ. ಆದರೆ ಚುಚ್ಚುವ ಮುಂಚೆ ಬಾಯಿಂದ ಬರುವ ಮಾತಿಗೆ ಮಾತ್ರ ನೂರೆಂಟು ಬಣ್ಣ. ನಗದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ.

ಯಾವ ಗ್ರೂಪು?

ವನಗೂರಿನ ಕಡೆಯ ಎಸ್ಟೇಟ್ ಮಾಲೀಕರೊಬ್ಬರು ರಕ್ತದ ಗ್ರೂಪ್ ನೋಡಿಸಲು ಬಂದರು. ಮೊದಲೇ ಗೊತ್ತಿದ್ದರೆ ನನಗೂ ಕೆಲಸ ಕಡಿಮೆ ಅಂತ, “ಯಾವ ಗ್ರೂಪ್ ಸಾರ್?” ಎಂದೆ.

“ಪಾಳೇಗಾರರ ಗ್ರೂಪು ಕಣಮ್ಮ. ನಮ್ಮ ರಕ್ತಾನೇ ಬೇರೆ.”

ನೋಡಿದರೆ ಓ ಪಾಸಿಟಿವ್. ಹೇಳಿದೆ. ಅವರ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು.

“ಅಲ್ಲ ಮಾರಾಯ್ತಿ, ನಮ್ಮ ಜೀಪ್ ಡ್ರೈವರ್‌ದೂ ಅದೇ ಐತೆ! ಇನ್ನೊಂದ್ಸಲ ನೋಡು.”

ಇನ್ನೊಂದು ಸಲ ನೋಡಿದೆ. ಅದೇ.

ಅವರು ಬಾಗಿಲ ಕಡೆ ಕೈ ತೋರಿಸಿ, “ಹಂಗಾದ್ರೆ ಅವಂದೇ ತಪ್ಪಾಗಿರ್ಬೇಕು. ಹೊರಗೆ ಜೀಪಲ್ಲಿ ಕೂತವ್ನೆ, ಕರೀತೀನಿ, ಸರಿಯಾಗಿ ನೋಡ್ಬುಡು!” ಎಂದರು.

ಖಾಲಿ ಹೊಟ್ಟೆ

ಬಿಸಿಲೆಯ ಅಜ್ಜಿಯೊಬ್ಬರು ಮಗಳನ್ನು ಕರೆದುಕೊಂಡು ಬೆಳಗ್ಗೆಯೇ ಬಂದಿದ್ದರು. ಕೈಯಲ್ಲಿ ದೊಡ್ಡ ಡಬ್ಬಿ. ಸಾಲಿನಲ್ಲಿ ಹದಿಮೂರು ಜನ, ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿಸಿಕೊಳ್ಳಲು ಬಂದವರು. ನಾನು ಒಳಗೆ ಮಿಷನ್ ಸರಿಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ, “ನಮ್ಮ ಕಡೆ ಕಡುಬು ತಿಂದಿದ್ದೀರಾ? ಕಳಲೆ ಪಲ್ಯ ಹಚ್ಕೊಂಡು ತಿಂದ್ ನೋಡಿ” ಎಂದು ಶುರು ಮಾಡಿಬಿಟ್ಟಿದ್ದಾರೆ. ಯಾವ ಊರು, ಯಾವ ಜನ ಎಂದು ಒಬ್ಬರನ್ನೂ ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಹದಿಮೂರು ಬಾಯಿಯೂ ಆಡುತ್ತಿವೆ.

ತಲೆ ಚಚ್ಚಿಕೊಂಡು ಎಲ್ಲರನ್ನೂ ನಾಳೆ ಬನ್ನಿ ಎಂದು ಕಳಿಸಿದೆ. ನನಗೆ ಕೋಪವೇನೂ ಬರಲಿಲ್ಲ. ‘ನಮ್ಮದು’ ಎನ್ನುವ ಹೆಮ್ಮೆಯಲ್ಲೂ ಎರಡು ಗ್ರೂಪ್ ಇದೆ ನೋಡಿ. ಒಂದು ಕರೆದು ಬಡಿಸುತ್ತದೆ, ಇನ್ನೊಂದು ಗೇಟಿನಲ್ಲೇ ನಿಲ್ಲಿಸಿ ಹುಟ್ಟು ಕೇಳುತ್ತದೆ. ಅಜ್ಜಿಯದು ಮೊದಲನೆಯದು.

ಮರುದಿನ ಹದಿಮೂರು ಜನವೂ ಬಂದರು. ಒಳಗೆ ಬರುವ ಮುಂಚೆ ಎಲ್ಲರೂ ಕೇಳಿದ್ದು ಒಂದೇ: “ಅಜ್ಜಿ ಬಂದಿಲ್ವಾ?”

ಚಾಯ್

ಬೆಳಗೋಡಿನ ಯಜಮಾನರೊಬ್ಬರ ಹೆಂಡತಿಗೆ ಆಪರೇಷನ್ ಆಗಬೇಕಿತ್ತು. ಮೈಯಲ್ಲಿ ರಕ್ತವೇ ಇರಲಿಲ್ಲ, ಗ್ರೂಪ್ ಬೇರೆ ಬಿ ನೆಗೆಟಿವ್. ರಕ್ತ ಸಿಗದೆ ಮುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಕೊಡೋದಾದ್ರೆ ನಮ್ಮೋರ ರಕ್ತಾನೇ ಕೊಡ್ಬೇಕು ಮೇಡಂ. ಕಂಡೋರ್ದು ಬ್ಯಾಡ” ಎಂದು ಯಜಮಾನರು ಒಂದು ವ್ಯಾನ್ ತುಂಬ ನೆಂಟರನ್ನು ತಂದು ಇಳಿಸಿದರು. ಒಬ್ಬೊಬ್ಬರನ್ನೇ ನೋಡಿದೆ. ಒಂದೂ ಹೊಂದಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಜಮಾನರೇ ಮತ್ತೆ ಲ್ಯಾಬಿನ ಬಾಗಿಲಿಗೆ ಬಂದರು. “ಯಾರ್ದಾದ್ರೂ ಕೊಡಿ ತಾಯಿ. ಅವ್ಳು ಉಳುದ್ರೆ ಸಾಕು” ಎಂದರು. ನನಗೆ ಅಯ್ಯೋ ಅನಿಸಿತು.

ಅಸ್ಸಾಮಿನಿಂದ ಬಂದು ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿರುವ ಒಬ್ಬಳದು ಅದೇ ಗ್ರೂಪ್ ಎಂದು ನನಗೆ ಗೊತ್ತಿತ್ತು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದೆ. ಕಾಫಿ ಕೊಯ್ಯುತ್ತಿದ್ದವಳು ಹಾಗೇ ಜೀಪ್ ಹತ್ತಿ ಬಂದು, ರಕ್ತ ಕೊಟ್ಟು, ಬಿಸ್ಕತ್ತು ತಿಂದು, ನಕ್ಕು ಹೋದಳು. ಆಪರೇಷನ್ ಚೆನ್ನಾಗಿ ಆಯಿತು.

ಎರಡು ದಿನದ ಮೇಲೆ ವಾರ್ಡಿಗೆ ಹೋದೆ. ಯಜಮಾನಿತಿ ಕಣ್ಣು ಮುಚ್ಚಿ ಮಲಗಿದ್ದರು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಮೇಡಂ, ಆ ರಕ್ತದಲ್ಲಿ ಏನಾದ್ರೂ... ಭಾಷೆ ಗೀಷೆ ಬದ್ಲಾಗಾಕಿಲ್ವಾ?”

ನಾನು ಬಾಯಿ ತೆರೆಯುವ ಮುಂಚೆಯೇ ಹಾಸಿಗೆಯಿಂದ ಗಟ್ಟಿ ದನಿ ಬಂತು: “ಏ ಬುಡ್ಡಾ! ಚಾಯ್ ಲಾವ್!”

“ಅಯ್ಯಯ್ಯಪ್ಪಾ, ಹೋಗ್ಬುಟ್ಲು!” ಎಂದು ಯಜಮಾನರು ಫ್ಲಾಸ್ಕ್ ಹಿಡಿದು, ಚಪ್ಪಲಿ ಬಿಟ್ಟೇ ಕ್ಯಾಂಟೀನಿಗೆ ಓಡಿದರು.

ಯಜಮಾನಿತಿ ಒಂದೇ ಕಣ್ಣು ತೆರೆದು ನನ್ನ ನೋಡಿದರು.

“ನಲವತ್ತು ವರ್ಷ ಕನ್ನಡದಲ್ಲೇ ಕೇಳ್ದೆ ಕಣವ್ವ. ಒಂದಿನಾನೂ ಒಂದು ಲೋಟ ತಂದ್ಕೊಡ್ಲಿಲ್ಲ!”