ಸರಿಹೋಯಿತು, ಧನ್ಯವಾದಗಳು

ಬೆಳಿಗ್ಗೆ ಒಂಬತ್ತಕ್ಕೆ ಗ್ರಂಥಪಾಲಕರು ಲ್ಯಾಪ್‌ಟಾಪ್ ತೆರೆದು ಬ್ಲೂಟೂತ್ ಗುಂಡಿ ಒತ್ತಿದರು. ಗುಂಡಿ ಒಂದು ಕ್ಷಣ ನೀಲಿಯಾಗಿ, ತಾನೇ ತಾನಾಗಿ ಬೂದಿಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಒತ್ತಿದರು. 'ಅಡಾಪ್ಟರ್ ಕಾಣಿಸುತ್ತಿಲ್ಲ' ಎಂದಿತು ಪರದೆ. ನಿನ್ನೆ ಸಂಜೆಯವರೆಗೆ ಕಂಡದ್ದು ಇವತ್ತು ಕಾಣುವುದಿಲ್ಲವೆಂದರೆ ಏನರ್ಥ? ಅವರಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯಲು ಕಾರಣವಿತ್ತು. ಮೂಲೆಯ ಖಾಲಿ ಕೋಣೆಯಲ್ಲಿ ಕಣ್ಣು ಕಾಣದವರು ಕೂತು ಪುಸ್ತಕ ಕೇಳುವಂತಾಗಬೇಕೆಂದು ಅವರು ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದ್ದರು. ಅಂದು ನಾಲ್ಕು ಗಂಟೆಗೆ ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಬಂದು ಪರೀಕ್ಷಿಸುವವರಿದ್ದರು. ಧ್ವನಿ ಹೊರಟರೆ ಕೋಣೆ ಇವರದು, ಹೊರಡದಿದ್ದರೆ ಸ್ಟೋರ್‌ಕೀಪರನ ಮುರುಕು ಬೀರುಗಳದು. 'ಉಚಿತ ತಂತ್ರಾಂಶ ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ಬೇರೆ ಯಾವುದರ ಹಂಗೂ ಬೇಡ' ಎಂದು ಅರ್ಜಿಯಲ್ಲಿ ಬರೆದುಕೊಟ್ಟವರೂ ಇವರೇ. ಲ್ಯಾಪ್‌ಟಾಪಿನದೇ ಸ್ಪೀಕರು ಎಂದೋ ಕೆಟ್ಟಿತ್ತು; ದಾನವಾಗಿ ಬಂದ ಬ್ಲೂಟೂತ್ ಸ್ಪೀಕರಿಗೋ ತಂತಿ ಚುಚ್ಚಲು ಒಂದು ತೂತೂ ಇರಲಿಲ್ಲ.

ಆಜ್ಞೆ ಟೈಪಿಸುವ ಟರ್ಮಿನಲ್ಲಿನ ಕಪ್ಪು ಕಿಟಕಿ ತೆರೆದು ವಿಚಾರಿಸಿದರೆ, ಬ್ಲೂಟೂತ್ ಸೇವೆ 'ಚಾಲನೆಯಲ್ಲಿದೆ' ಎಂದು ಉತ್ತರ ಬಂತು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಸೀಟಿನಲ್ಲಿ ಕಾಣದ ಗುಮಾಸ್ತನ ಹಾಗೆ!

"ಚಾಲನೆಯಲ್ಲಿದೆಯಂತೆ! ಎಲ್ಲಿ ಚಾಲನೆ? ಯಾರ ಮನೇಲಿ?" ಎಂದು ಅವರು ಕೂಗಿದ್ದು ಓದುವ ಕೊಠಡಿಗೆಲ್ಲ ಕೇಳಿಸಿತು. 'ನಿಶ್ಶಬ್ದ' ಎಂಬ ಫಲಕದ ಕೆಳಗೇ ನಿಂತು ಕೂಗಿದ್ದರು.

ಸದ್ದು ಕೇಳಿ ಟೈಪಿಸ್ಟಮ್ಮ ಓಡಿಬಂದಳು. "ನನ್ನ ಫೋನಿಂದ ಹಾಕ್ಲಾ ಸಾರ್?" ಎಂದವಳೇ ಕಣ್ಣುಮಿಟುಕಿಸುವಷ್ಟರಲ್ಲಿ ಸ್ಪೀಕರಿಗೆ ಜೋಡಿಸಿಬಿಟ್ಟಳು. ಸ್ಪೀಕರು ತಲೆಹೊಟ್ಟಿನ ಜಾಹೀರಾತನ್ನು ಗಟ್ಟಿಯಾಗಿ ಸಾರಿತು.

"ತೆಗೀರಿ ಅದನ್ನ! ಅರ್ಜೀಲಿ ಏನು ಬರೆದಿದೀನಿ ಗೊತ್ತಾ? ನನಗೂ ಮಾನ ಮರ್ಯಾದೆ ಇದೆ!"

"ಹಾಗಾದ್ರೆ ಒಂದ್ಸಲ ತಟ್ಟಿ ನೋಡಿ ಸಾರ್," ಎಂದ ಸ್ಟೋರ್‌ಕೀಪರ್, ಮೂಲೆಯ ಕೋಣೆಯ ಅಗಲ ಅಳೆಯುತ್ತಲೇ. "ನಮ್ಮನೆ ರೇಡಿಯೋ ತಟ್ಟಿದ್ರೇನೇ ಮಾತಾಡೋದು."

ಗ್ರಂಥಪಾಲಕರು ತಟ್ಟಲಿಲ್ಲ. ಅಂತರ್ಜಾಲದಲ್ಲಿ ಯಾರೋ ಹೇಳಿದ ಆಜ್ಞೆಯೊಂದನ್ನು ಟೈಪಿಸಿದರು. ವೈಫೈ ಕೂಡ ಹೋಯಿತು. ಅದನ್ನು ಮರಳಿ ತರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಊಟವೂ ಇಲ್ಲ, ಬ್ಲೂಟೂತೂ ಇಲ್ಲ.

ಆಗ ಸಿಕ್ಕಿತು ಆ ಪುಟ. ಲಿನಕ್ಸ್ ಬಳಸುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ತಾಣದಲ್ಲಿ, ಆರು ವರ್ಷ ಹಳೆಯ ಪ್ರಶ್ನೆ. ಅದೇ ಲ್ಯಾಪ್‌ಟಾಪು, ಅದೇ ಗುಂಡಿ, ಅದೇ ಬೂದಿಬಣ್ಣ. ಕೇಳಿದವನ ಹೆಸರು 'ನೊಂದಜೀವಿ'. ಗ್ರಂಥಪಾಲಕರ ಕಣ್ಣು ತುಂಬಿಬಂತು. ಲೋಕದಲ್ಲಿ ತಮ್ಮಂತೆಯೇ ನೊಂದವನು ಇನ್ನೊಬ್ಬನಿದ್ದಾನೆ! ಕೆಳಗೆ ಸರಿದರು. ಎರಡು ದಿನ ಬಿಟ್ಟು ನೊಂದಜೀವಿಯೇ ಬರೆದಿದ್ದ: 'ಸರಿಹೋಯಿತು, ಧನ್ಯವಾದಗಳು.'

ಅಷ್ಟೇ. ಹೇಗೆ ಸರಿಹೋಯಿತು ಎಂಬುದಿಲ್ಲ. ಅದರ ಕೆಳಗೆ ಆರು ವರ್ಷಗಳಿಂದ ಜನ ಸಾಲಾಗಿ ಅಂಗಲಾಚಿದ್ದರು: 'ಹೇಗೆ ಸ್ವಾಮಿ?', 'ದಯವಿಟ್ಟು ಹೇಳಿ', 'ನಿಮ್ಮ ಕಾಲಿಗೆ ಬೀಳ್ತೀನಿ'.

"ಎಂಥಾ ಜನ ರೀ ಇವರು!" ಗ್ರಂಥಪಾಲಕರು ಮೇಜು ಗುದ್ದಿದರು. "ತನ್ನ ಕೆಲಸ ಆಯ್ತು, ಉಳಿದವರು ಹಾಳಾಗಿ ಹೋಗ್ಲಿ! ಒಂದು ಸಾಲು ಬರೆಯೋಕೆ ಇವನಿಗೇನು ಕೈ ಸೇದಿಹೋಗಿತ್ತಾ?"

"ಪಾಪಿ ಸಾರ್," ಎಂದಳು ಟೈಪಿಸ್ಟಮ್ಮ.

"ನೊಂದಜೀವಿಯಂತೆ! ಇಂಥವನು ನೋಯಬೇಕಾದ್ದೇ," ಎಂದ ಸ್ಟೋರ್‌ಕೀಪರ್. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನದೂ ಗ್ರಂಥಪಾಲಕರದೂ ಅಭಿಪ್ರಾಯ ಒಂದಾಗಿತ್ತು.

ನಾಲ್ಕು ಗಂಟೆಗೆ ಸರಿಯಾಗಿ ಅಧ್ಯಕ್ಷೆ ಬಂದರು. ಕತೆ ಕೇಳಿಸಬೇಕಾಗಿದ್ದ ಗ್ರಂಥಪಾಲಕರು, ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ, ನೊಂದಜೀವಿಯ ದ್ರೋಹವನ್ನು ಗೋಡೆಯ ತುಂಬ ತೋರಿಸಿದರು.

"ನೋಡಿ ಮೇಡಂ. ತಪ್ಪು ನನ್ನದಲ್ಲ, ಲಿನಕ್ಸಿನದೂ ಅಲ್ಲ. ಇಂಥ ಸ್ವಾರ್ಥಿಗಳಿಂದ್ಲೇ ದೇಶ ಹಾಳಾಗ್ತಿರೋದು!"

ಅಧ್ಯಕ್ಷೆಯೂ ಓದಿ ಕೆಂಪಾದರು. "ನಿಜ ಕಣ್ರಿ, ನಾಚಿಕೆ ಬೇಡ್ವಾ ಮನುಷ್ಯನಿಗೆ? ಅವನಿಗೇ ಬರೆದು ಕೇಳಿ. ಸಮಿತಿ ಅಧ್ಯಕ್ಷೆ ಕೇಳ್ತಿದಾರೆ ಅಂತ್ಲೇ ಬರೀರಿ."

ಬರೆಯಬೇಕಾದರೆ ತಾಣದ ಸದಸ್ಯರಾಗಬೇಕಿತ್ತು. ಗ್ರಂಥಪಾಲಕರು ರೋಷದಿಂದ ತಮ್ಮ ಇಮೇಲ್ ಕುಟ್ಟಿದರು. 'ಈ ವಿಳಾಸದವರು ಈಗಾಗಲೇ ಸದಸ್ಯರು. ಪಾಸ್‌ವರ್ಡ್ ಹಾಕಿ' ಎಂದಿತು ತಾಣ. ಇದೇನು ಕರ್ಮ ಎಂದುಕೊಂಡು, ಎಲ್ಲ ಕಡೆಗೂ ಬಳಸುವ ಒಂದೇ ಪಾಸ್‌ವರ್ಡನ್ನು ಹಾಕಿದರು. ಗೋಡೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು:

'ನೊಂದಜೀವಿಯವರೇ, ಮರಳಿ ಸ್ವಾಗತ! ನಿಮ್ಮ ಉತ್ತರಕ್ಕಾಗಿ ನಲವತ್ತೊಂದು ಮಂದಿ ಕಾಯುತ್ತಿದ್ದಾರೆ.'

ಟೈಪಿಸ್ಟಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಸ್ಟೋರ್‌ಕೀಪರ್ ಗೋಡೆಯನ್ನೊಮ್ಮೆ, ಗ್ರಂಥಪಾಲಕರನ್ನೊಮ್ಮೆ ನೋಡಿದ.

ಅಧ್ಯಕ್ಷೆ ಮಾತ್ರ ಅರಳಿದ ಮುಖದಿಂದ ಕುರ್ಚಿ ಎಳೆದುಕೊಂಡು ಕೂತರು. "ಅಯ್ಯೋ, ಅದು ನೀವೇನಾ! ಒಳ್ಳೇದೇ ಆಯ್ತು ಬಿಡಿ. ಹೇಗೆ ಸರಿಮಾಡಿದ್ರಿ ಅಂತ ನಿಮಗೇ ಗೊತ್ತಲ್ಲ. ಮಾಡಿ, ಕಾಯ್ತೀವಿ."

ಗ್ರಂಥಪಾಲಕರು ಕೀಲಿಮಣೆಯ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು. ಆರು ವರ್ಷದ ಹಿಂದೆ ಅದೇನೋ ಟೈಪಿಸಿದ್ದರು, ಏನೋ ಒತ್ತಿದ್ದರು, ಸರಿಹೋಗಿತ್ತು, ಖುಷಿಯಾಗಿ ಮಲಗಿದ್ದರು. ಅಷ್ಟು ಚೆನ್ನಾಗಿ ನೆನಪಿದೆ. ಮಧ್ಯಾಹ್ನದಿಂದ ಬೈಸಿಕೊಂಡ ಆಸಾಮಿ ಕೊನೆಗೂ ಕೈಗೆ ಸಿಕ್ಕಿದ್ದ. ಆದರೆ ಏನು ಮಾಡಿದರೂ ಅವನು ಬಾಯಿ ಬಿಡಲೊಲ್ಲ.