ಮೂತ್ರದ ಬಾಟಲಿ ಹಿಡಿದು ಬಂದವರು

ಬೇಗ ಬನ್ನಿ ಅಂದರೆ ನಿಧಾನಕ್ಕೆ ಬರುವವರು, ನೀವೇ ಬನ್ನಿ ಅಂದರೆ ಇನ್ನೊಬ್ಬರನ್ನು ಕಳಿಸುವವರು, ಲ್ಯಾಬ್ ಇಟ್ಟ ನನ್ನಂಥ ಡಾಕ್ಟರಿಗೆ ಸಿಗುತ್ತಲೇ ಇರುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಪಾರ್ಟಿಗಳಲ್ಲಿ ಕುಡಿಯುವ ಜಿಎಚ್‌ಬಿ ಎಂಬ ಮತ್ತಿನ ದ್ರವದ ಸುದ್ದಿ ಮೈಸೂರಿಗೂ ಬಂತು. ಮೂತ್ರದಲ್ಲಿ ಅದು ಅರ್ಧ ದಿನವೂ ನಿಲ್ಲುವುದಿಲ್ಲ. ಇಷ್ಟನ್ನು ಜನಕ್ಕೆ ತಿಳಿಸುವುದರಲ್ಲೇ ನನಗೆ ಬಿಪಿ ಬಂತು.

ಒಳ್ಳೆಯ ದಿನ

ಜಯಲಕ್ಷ್ಮಿಪುರಂನ ಒಬ್ಬ ಯಜಮಾನರು ಕಾಲೇಜು ಓದುವ ಮಗನನ್ನು ಎಳೆದುಕೊಂಡು ಬಂದರು. ಮಗ ಶನಿವಾರ ಪಾರ್ಟಿಯಿಂದ ತೂರಾಡುತ್ತಾ ಬಂದಿದ್ದನಂತೆ. ನನ್ನ ಹತ್ತಿರ ಕರೆತಂದದ್ದು ಬುಧವಾರ.

"ಇಷ್ಟು ದಿನ ಏನು ಮಾಡ್ತಿದ್ರಿ?" ಅಂದೆ.

"ಆಸ್ಪತ್ರೆ ಕೆಲಸಕ್ಕೆ ಇವತ್ತು ದಿನ ಚೆನ್ನಾಗಿತ್ತು ಮೇಡಂ."

"ಅದು ಭಾನುವಾರವೇ ಮೈಯಿಂದ ಹೊರಟುಹೋಗಿರುತ್ತೆ ಸ್ವಾಮಿ."

ಅವರು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಇವನ ಕೈಲಿ ಯಾವ ಕೆಲಸಾನೂ ಅಷ್ಟು ಬೇಗ ಮುಗಿಯಲ್ಲ ಮೇಡಂ. ಇನ್ನೂ ಇರುತ್ತೆ, ನೋಡಿ."

ನಾಚಿಕೆ ಹುಡುಗ

ಮದುವೆ ಗೊತ್ತಾಗುತ್ತಿದ್ದ ಹುಡುಗನೊಬ್ಬನ ಮೇಲೆ ಇದೇ ಚಟದ ಗುಮಾನಿ. ಹೆಣ್ಣಿನ ಕಡೆಯವರು ಪರೀಕ್ಷೆ ಆಗಲೇಬೇಕು ಅಂದರು. ಹುಡುಗನ ಬದಲು ಅವನ ತಾಯಿ ಜಾಮ್ ಬಾಟಲಿ ಹಿಡಿದು ಬಂದರು.

"ಅವನೇ ಬರಬೇಕಿತ್ತು ಕಣಮ್ಮ."

"ನಮ್ಮ ಹುಡುಗಂಗೆ ನಾಚಿಕೆ ಜಾಸ್ತಿ ಡಾಕ್ಟ್ರೇ."

ನನಗೆ ಸಿಟ್ಟೂ ಬಂತು, ಅನುಮಾನವೂ ಬಂತು. ಮಾಮೂಲಿ ಪರೀಕ್ಷೆ ಮಾಡಿದೆ. "ನಿಮ್ಮ ಮಗನಿಗೆ ಸಕ್ಕರೆ ಕಾಯಿಲೆ ವಿಪರೀತ ಇದೆಯಲ್ಲಮ್ಮ. ಹೆಣ್ಣಿನ ಮನೆಯವರಿಗೆ ಹೇಳಲಾ?"

ಆಕೆಯ ಮುಖ ಕೆಂಪಾಯಿತು. ಮಗನ ಮದುವೆ, ನನ್ನ ಸಿಟ್ಟು ಎರಡನ್ನೂ ಮರೆತು ಎದ್ದು ನಿಂತರು.

"ಹಂಗಾದ್ರೆ ನಮ್ಮೆಜಮಾನ್ರು ದಿನಾ ವಾಕಿಂಗ್ ಅಂತ ಹೋಗ್ತಿರೋದು ಸ್ವೀಟ್ ಅಂಗಡಿಗೆ!"

ಸಾಕ್ಷಿ

ಇದು ಮಾತ್ರ ಈಗಲೂ ಹೊಟ್ಟೆ ಉರಿಸುತ್ತದೆ. ಪಾರ್ಟಿಯೊಂದರಲ್ಲಿ ಯಾರೋ ಒಂದು ಹುಡುಗಿಯ ಜ್ಯೂಸಿಗೆ ಏನೋ ಬೆರೆಸಿದ್ದರು. ಪ್ರಜ್ಞೆ ಬಂದ ಕೂಡಲೇ ಆಕೆ ಠಾಣೆಗೆ ಓಡಿದ್ದಳು. ಅಲ್ಲಿ ಇವತ್ತು ಬಾ, ನಾಳೆ ಬಾ ಅಂತ ಅಲೆಸಿ, ಕೊನೆಗೆ ಇನ್ಸ್‌ಪೆಕ್ಟರು ನನ್ನ ಹತ್ತಿರ ಕರೆತಂದರು. ಮೂತ್ರವನ್ನು ಬೆಂಗಳೂರಿಗೆ ಕಳಿಸಿದೆ. ಏನೂ ಸಿಗಲಿಲ್ಲ.

ರಿಪೋರ್ಟ್ ತಗೊಳ್ಳಲು ಇಬ್ಬರೂ ಬಂದಾಗ ಇನ್ಸ್‌ಪೆಕ್ಟರು ಮೀಸೆ ತಿರುವಿದರು. "ನೋಡಿದ್ರಾ ಮೇಡಂ, ಈ ಹುಡುಗಿ ಸುಳ್ಳು ಕಂಪ್ಲೇಂಟ್ ಕೊಟ್ಟಿದಾಳೆ."

ಮೂತ್ರ ತಡವಾಗಿ ಬಂದಿದೆ, ಏನೂ ಸಿಗದಿದ್ದಕ್ಕೆ ಅರ್ಥವಿಲ್ಲ ಅಂತ ರಿಪೋರ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹುಡುಗಿಯ ಕೈಗೇ ಕೊಟ್ಟೆ. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿದೆ.

"ಕಳ್ಳ ಓಡಿಹೋಗಿ ವಾರ ಆದಮೇಲೆ ನೀವು ಹೋಗ್ತೀರಿ. ಮನೇಲಿ ಕಳ್ಳ ಇಲ್ಲ, ಅದಕ್ಕೇ ಕಳ್ಳತನಾನೇ ಆಗಿಲ್ಲ ಅಂತ ಬರೀತೀರೇನ್ರೀ?"

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ಸ್ವಲ್ಪ ಯೋಚಿಸಿ, ಮೆಲ್ಲಗೆ ಅಂದರು: "ಸಾಮಾನ್ಯವಾಗಿ ಹಂಗೇ ಬರಿಯೋದು ಮೇಡಂ."

ಅಷ್ಟು ದಿನ ಅತ್ತಿದ್ದ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು.